ಮೆಟ್ರಿಯ ಗಾಣದ ನಟ್ಟು

ಹೊಸಪೇಟೆಯಲ್ಲಿ ನನ್ನದೊಂದು ವೆಲ್ಡಿಂಗ್ ಶಾಪು. ತುಕ್ಕು ತಿಂದು ಕಚ್ಚಿಕೊಂಡ ಬೋಲ್ಟು ಬಿಚ್ಚುವುದೆಂದರೆ ಮೊದಲಿನಿಂದಲೂ ನನಗೆ ಹುಚ್ಚು. ಸಂಡೂರಿನ ಗಣಿ ಲಾರಿಗಳ ಬೋಲ್ಟುಗಳಂತೂ ಒಳಗೆ ಕೆಂಪು ಧೂಳು ಹೊಕ್ಕು ಎಂಥವರನ್ನೂ ಅಳಿಸುತ್ತಿದ್ದವು. ಮುರಿದ ಬೋಲ್ಟಿನ ಮೇಲೆ ಹೊಸ ನಟ್ಟು ಬೆಸೆದು, ಕೆಂಪಗೆ ಕಾಯಿಸಿ, ಆರಲು ಬಿಟ್ಟು ತಿರುಗಿಸಿದರೆ ಕಿರ್ರೆಂದು ಸಡಿಲಾಗುವ ಆ ಗಳಿಗೆಯ ಸುಖವೇ ಬೇರೆ. ಆದರೆ ಇಪ್ಪತ್ತೈದು ವರ್ಷದ ಹಿಂದೆ ಮೆಟ್ರಿಯಲ್ಲಿ ಬಿಚ್ಚಿದ ಒಂದು ನಟ್ಟಿನ ಕತೆಯನ್ನು ಮಾತ್ರ ನಾನು ಇಷ್ಟು ದಿನ ತಪ್ಪಾಗಿ ಹೇಳಿಕೊಂಡು ಬಂದಿದ್ದೆ.

ಆಗ ಮದುವೆಯಾಗಿ ಮೂರು ತಿಂಗಳು. ಮೆಟ್ರಿ ಮಾವನ ಊರು. ಅಲ್ಲಿ ಅವರದೊಂದು ಕಬ್ಬಿನ ಗಾಣ, ಪಕ್ಕದಲ್ಲೇ ಬೆಲ್ಲದ ಆಲೆಮನೆ. ಗಾಣದ ಉರುಳೆಯ ತುದಿಯ ನಟ್ಟು ಕಚ್ಚಿಕೊಂಡು, ಒಳಗಿನ ಬೇರಿಂಗ್ ಬದಲಿಸಲಾಗದೆ ಕೆಲಸ ನಿಂತಿತ್ತು. ಕಡಿದು ತಂದ ಕಬ್ಬು ಅಂಗಳದಲ್ಲಿ ಬಿಸಿಲಿಗೆ ಬಿದ್ದಿತ್ತು. ಅದು ಒಣಗಿದರೆ ಬೆಲ್ಲ ಕೆಡುತ್ತದೆ. ಸುದ್ದಿ ಬಂದದ್ದೇ ತಡ, ಗ್ಯಾಸ್ ಸಿಲಿಂಡರು, ವೆಲ್ಡಿಂಗ್ ಮಷಿನ್ನು, ಹೆಂಡತಿ, ಎಲ್ಲವನ್ನೂ ಒಂದೇ ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಹೊರಟೆ. ಈ ಪಟ್ಟಿಯಲ್ಲಿ ತಾನು ಕೊನೆಗೆ ಬರುವುದಕ್ಕೆ ಅವಳಿಗೆ ಇವತ್ತಿಗೂ ಸಿಟ್ಟು.

"ಬರ್ರಿ ಅಳಿಯಂದ್ರ, ಕುಂದರ್ರಿ. ಮೊದ್ಲು ಒಂದೀಟು ಮಜ್ಜಿಗಿ ಕುಡೀರಿ," ಎಂದರು ಮಾವ.

"ಮೊದ್ಲು ನಟ್ಟು, ಆಮ್ಯಾಲ ಮಜ್ಜಿಗಿ," ಎಂದೆ ನಾನು, ಸುತ್ತ ನೆರೆದಿದ್ದ ಊರವರಿಗೆಲ್ಲ ಕೇಳುವಂತೆ. ಹೊಸ ಅಳಿಯನ ಕೈಚಳಕ ಅವರಿಗೆ ಬಿಟ್ಟಿ ಸಿನಿಮಾ ಆಗಿತ್ತು.

ನಟ್ಟಿನ ಮೂಲೆಗಳು ಸವೆದು ಪಾನಾ ಜಾರುತ್ತಿತ್ತು. ಅದರ ಮೇಲೆ ಉದ್ದನೆಯ ಕಬ್ಬಿಣದ ಪಟ್ಟಿ ಬೆಸೆದು, ಸುತ್ತಲೂ ಗ್ಯಾಸಿನ ಉರಿ ಹಿಡಿದೆ. ಒಳಗೆ ವರ್ಷಗಟ್ಟಲೆ ಇಳಿದು ಗಟ್ಟಿಯಾಗಿದ್ದ ಕಬ್ಬಿನ ಹಾಲು ಕರಗಿ, ಸೀದ ಬೆಲ್ಲದ ವಾಸನೆ ಬಂತು. ಪಟ್ಟಿ ಹಿಡಿದು ಜಗ್ಗಿದೆ. ನಟ್ಟು ಅಲುಗಲಿಲ್ಲ, ಪಟ್ಟಿಯೇ ಕಿತ್ತು ಬಂತು. ಮತ್ತೆ ಬೆಸೆದೆ, ಮತ್ತೆ ಕಾಯಿಸಿದೆ, ಮತ್ತೆ ಕಿತ್ತಿತು. ನನಗೋ ಮೂಗಿನ ತುದಿಯಲ್ಲೇ ಕೋಪ. ನಟ್ಟು ಮಾಡಿದವನನ್ನೂ ಗಾಣ ಮಾರಿದವನನ್ನೂ ಬಾಯಿಗೆ ಬಂದಂತೆ ಬೈದೆ. ಇದು ಬಿಚ್ಚದಿದ್ದರೆ ಮಾವನ ಊರಲ್ಲಿ ಮತ್ತೆ ತಲೆ ಎತ್ತಿ ಓಡಾಡುವ ಹಾಗಿರಲಿಲ್ಲ. ಮಾವ ಬೇವಿನ ಮರದ ಕೆಳಗೆ ಕೂತು ಒಮ್ಮೆ ನನ್ನನ್ನು, ಒಮ್ಮೆ ಕಬ್ಬನ್ನು ನೋಡುತ್ತಿದ್ದರು. ಹೀಗೇ ಒಂದು ತಾಸು ಕಳೆದ ಮೇಲೆ ಎದ್ದು ಒಳಗೆ ಹೋಗಿ ಬಂದು ಮತ್ತೆ ಅಲ್ಲೇ ಕೂತರು.

ಆಗ ಹೆಂಡತಿ ಮಜ್ಜಿಗೆಯ ಚೊಂಬು ಹಿಡಿದು ಬಂದಳು. ಬಗ್ಗಿ ಕೊಡುವಾಗ ನನಗಷ್ಟೇ ಕೇಳುವಂತೆ, "ರೀ, ನಾ ಸಣ್ಣಾಕಿ ಇದ್ದಾಗ ಇದನ್ನ ಬಿಚ್ಚೋದು ನೋಡೀನಿ. ಆ ಕಡಿಗೆ ತಿರುಗಸ್ತಿದ್ರು. ನೀವು ಬಿಗಿ ಮಾಡಾಕ ಹತ್ತೀರಿ," ಎಂದಳು.

ಶಾಫ್ಟಿನ ತುದಿಯ ಜಿಡ್ಡು ಕೆರೆದು ನೋಡಿದರೆ ಉಲ್ಟಾ ಥ್ರೆಡ್. ಎಡಕ್ಕಲ್ಲ, ಬಲಕ್ಕೆ ತಿರುಗಿಸಿ ಬಿಚ್ಚುವಂಥದ್ದು. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಕಲಿಯುವ ಸಂಗತಿ ಇದು, ಹಮ್ಮಿನಲ್ಲಿ ನೋಡಿಯೇ ಇರಲಿಲ್ಲ. "ಇನ್ನೊಂದೀಟು ಕಾಸಬೇಕು," ಎಂದು ಜನರಿಗೆ ಹೇಳಿ, ಪಟ್ಟಿ ಬೆಸೆದು, ಕಾಯಿಸಿ, ಬಲಕ್ಕೆ ಜಗ್ಗಿದೆ. ಕಿರ್ರೆಂದು ಬಂತು. ಮಾವ ಎದ್ದು ಬಂದು, "ನಮ್ಮ ಅಳಿಯಂದ್ರು ಅಂದ್ರ ಸುಮ್ನ ಅಲ್ಲ," ಎಂದು ಎಲ್ಲರ ಮುಂದೆ ಬೆನ್ನು ತಟ್ಟಿದರು. ಸಂಜೆಯೊಳಗೆ ಗಾಣ ತಿರುಗಿತು. ಮೇಲಿನ ಒಂದಷ್ಟು ಕಬ್ಬು ಮಾತ್ರ ಒಣಗಿ ದಂಡವಾಗಿತ್ತು.

ಮಾವ ತೀರಿಕೊಂಡು ಬಹಳ ವರ್ಷವಾಯಿತು. ಈ ಬೇಸಿಗೆಯಲ್ಲಿ ಗಾಣವನ್ನು ಗುಜರಿಗೆ ಹಾಕಿದರು. ನಾವಿಬ್ಬರೂ ಹೋಗಿದ್ದೆವು. ಗುಜರಿಯವನು ಉರುಳೆ ಕತ್ತರಿಸಲು ಬಂದಾಗ ನಾನು ಎಂದಿನಂತೆ, "ಅದು ಉಲ್ಟಾ ಥ್ರೆಡ್ ಐತಪ್ಪ. ನನಗ ಗೊತ್ತಿರ್ಲಿಲ್ಲ, ನನ್ನ ಹೇಣ್ತಿಗೆ ಗೊತ್ತಿತ್ತು," ಎಂದು ಹಳೇ ಕತೆ ತೆಗೆದೆ. ಹೆಂಡತಿ ನಕ್ಕಳು.

"ನನಗೇನ್ ಗೊತ್ತಿತ್ತು? ನಾ ಗಾಣದ ಹತ್ರ ಹೋದಾಕೇ ಅಲ್ಲ. ಅಪ್ಪ ಹೇಳಿ ಕಳಿಸಿದ್ದ. ನೀವಾ ನೋಡ್ಕೊಂತೀರಿ ಅಂತ ಭಾಳ ಹೊತ್ತು ಕಾದ. ಆಮ್ಯಾಲ ಒಳಗ ಬಂದು, ನಾ ಹೇಳಿದ್ರ ಮಂದಿ ಮುಂದ ಅವ್ರ ಮಾರಿ ಸಣ್ಣದಾಗತೈತಿ, ನೀ ಮಜ್ಜಿಗಿ ಕೊಡಾಕ ಹೋಗಿ ನಿನಗ ಗೊತ್ತಿದ್ದಂಗ ಹೇಳು ಅಂದ. ಯಾರ ಮುಂದೂ ಅನಬ್ಯಾಡ ಅಂತ ಆಣಿ ಬ್ಯಾರೆ ಹಾಕ್ಸಿದ್ದ."

ಕಣ್ಣೆದುರೇ ತಮ್ಮ ಕಬ್ಬು ಒಣಗುತ್ತಿದ್ದರೂ, ಬೇರೆಯವರ ಮನೆಯ ಮಗ ಹತ್ತು ಜನರೆದುರು ಸಣ್ಣವನಾಗಬಾರದೆಂದು ಅವರು ಒಂದು ತಾಸು ಬಾಯಿ ಕಟ್ಟಿಕೊಂಡು ಕೂತಿದ್ದರು. ಅವರಿದ್ದಾಗ ಗೊತ್ತಾಗಿದ್ದರೆ ಕಾಲು ಮುಟ್ಟುತ್ತಿದ್ದೆ. ಗೊತ್ತಾಗದಂತೆ ನೋಡಿಕೊಂಡವರೂ ಅವರೇ.

ಗುಜರಿಯವನ ಕೈಯಿಂದ ಗ್ಯಾಸ್ ಕಟರು ಇಸಿದುಕೊಂಡೆ. "ಆ ನಟ್ಟು ನಾ ಬಿಚ್ಚತೀನಿ."

"ಕಟ್ ಮಾಡಿದ್ರ ಜಲ್ದಿ ಆಗತೈತ್ರಿ," ಎಂದ ಅವನು.

"ಜಲ್ದಿ ಬ್ಯಾಡ," ಎಂದೆ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಮೊದ್ಲು ಒಂದೀಟು ಮಜ್ಜಿಗಿ ಕೊಡು, ಆಮ್ಯಾಲ ನಟ್ಟು," ಎಂದು, ಮಾವ ಕೂರುತ್ತಿದ್ದ ಬೇವಿನ ಕೆಳಗೆ ಹೋಗಿ ಕೂತೆ.