ದೀಪಕ್ಕೆಂದು ನುಂಗಿದ ಗುಳಿಗೆ

ಆ ವರ್ಷದ ನನ್ನ ಡೈರಿಯಲ್ಲಿ ಒಂದರ ಹಿಂದೊಂದು ಹನ್ನೊಂದು ಪುಟಗಳಲ್ಲಿ "ತಲೆನೋವು" ಎಂದಿದೆ. ನನಗೆ ತಲೆ ನೋಯುತ್ತಿರಲಿಲ್ಲ. ಮುಟ್ಟು ಇನ್ನೂ ಬಂದಿಲ್ಲ ಎಂದು ಬರೆಯುವ ಧೈರ್ಯವಿಲ್ಲದೆ, ಯಾರ ಕೈಗಾದರೂ ಸಿಕ್ಕೀತೆಂದು ಹೆದರಿ ಬರೆದ ಮಾತದು. ನನ್ನದೇ ಡೈರಿಗೆ ಸುಳ್ಳು ಹೇಳಿದ್ದೇನೆ ಎಂದಮೇಲೆ ಅದರ ಉಳಿದ ಪುಟಗಳನ್ನು, ಅವುಗಳಿಂದ ನೆನಪಾಗುವುದನ್ನು ಎಷ್ಟು ನಂಬಬೇಕೋ ತಿಳಿಯದು. ಆದರೂ ಬರೆಯುತ್ತೇನೆ.

ಅದು 2003. ಮದುವೆಯಾಗಿ ಹತ್ತು ತಿಂಗಳಾಗಿತ್ತು. ಗಂಡ ಅಹಮದಾಬಾದಿನ ಒಂದು ಕೇಂದ್ರ ಸಂಶೋಧನಾ ಸಂಸ್ಥೆಯಲ್ಲಿ ಎಂಜಿನಿಯರ್. ಕಾಲೊನಿಯಲ್ಲಿ ಎರಡು ಕೋಣೆಯ ಕ್ವಾರ್ಟರ್ಸ್ ಇತ್ತು. ನಾನು ವಡೋದರಾದಲ್ಲಿ ಮೈಕ್ರೋಬಯಾಲಜಿ ಎಂ.ಎಸ್ಸಿ. ಎರಡನೆಯ ವರ್ಷದಲ್ಲಿದ್ದೆ. ವಾರವಿಡೀ ಫತೇಗಂಜ್‌ನ ಬಾಡಿಗೆ ಕೋಣೆ, ಶನಿವಾರ ರೈಲು ಹಿಡಿದು ಮನೆ. ಧಾರವಾಡದ ನನ್ನ ಮಾವನವರು ಈ ಓಡಾಟಕ್ಕೆ ಒಪ್ಪಿದ್ದು ಒಂದೇ ಕರಾರಿನ ಮೇಲೆ: "ಒಂದು ಕೂಸು ಆಗೂತನಕ ಓದ್ಲಿ. ಆಮ್ಯಾಲೆ ಮನಿ." ಪರೀಕ್ಷೆ ಏಪ್ರಿಲ್‌ನಲ್ಲಿತ್ತು. ಅಲ್ಲಿಯವರೆಗೆ ಮಗು ಬೇಡವೆಂದು ನಾವಿಬ್ಬರೇ ಮಾತಾಡಿಕೊಂಡಿದ್ದೆವು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಬೇಡವೆನ್ನುವುದು ಸುಲಭ. ಅದಕ್ಕೆ ಬೇಕಾದ್ದನ್ನು ಅಂಗಡಿಯಲ್ಲಿ ಕೇಳುವುದು ಸುಲಭವಿರಲಿಲ್ಲ. ಕಾಲೊನಿಯ ಮೆಡಿಕಲ್ ಶಾಪ್‌ನವನಿಗೆ ಎಲ್ಲರ ಪರಿಚಯವಿತ್ತು. ಹಾಗಾಗಿ ನನ್ನ ಗಂಡ ಸ್ಕೂಟರಿನಲ್ಲಿ ನವರಂಗಪುರದವರೆಗೆ ಹೋಗಿ, ಅಂಗಡಿಯಲ್ಲಿ ಹೆಂಗಸರಿದ್ದರೆ ಅವರು ಹೊರಟುಹೋಗುವವರೆಗೆ ಹೊರಗೆ ನಿಂತು, ನಿರೋಧ್ ಪೊಟ್ಟಣವನ್ನು ಪೇಪರಿನಲ್ಲಿ ಸುತ್ತಿಸಿಕೊಂಡು ಬರುತ್ತಿದ್ದರು. ಮನೆಗೆ ಬಂದಮೇಲೆ ಅದು ಕಪಾಟಿನಲ್ಲಿ ಹಳೆಯ ಸ್ವೆಟರುಗಳ ಕೆಳಗೆ ಸೇರುತ್ತಿತ್ತು.

ಗಂಡನ ಮನೆಯಲ್ಲಿ ನವರಾತ್ರಿಗೆ ದೀಪ ಹಾಕುವ ಪದ್ಧತಿಯಿದೆ. ಪಾಡ್ಯದ ದಿನ ಹಚ್ಚಿದ ದೀಪ ದಶಮಿಯವರೆಗೆ ಹಗಲೂ ರಾತ್ರಿಯೂ ಉರಿಯಬೇಕು. ಗಾಳಿಗೆ ಹೋದರೂ "ಆರಿತು" ಎನ್ನಬಾರದು, "ಶಾಂತವಾಯಿತು" ಎನ್ನಬೇಕು. ಆ ವರ್ಷ ಅಣ್ಣತಮ್ಮಂದಿರಲ್ಲಿ ನಮ್ಮ ಸರದಿ. ಅತ್ತೆಯವರು ಹಿತ್ತಾಳೆಯ ದೀಪವನ್ನು ಸೀರೆಯಲ್ಲಿ ಸುತ್ತಿಕೊಂಡು ಎರಡು ರೈಲು ಬದಲಿಸಿ ಬಂದರು. ಅವರು ಬರುವ ಹಿಂದಿನ ದಿನ ಸ್ವೆಟರಿನ ಕೆಳಗಿನ ಪೊಟ್ಟಣವನ್ನು ಗಂಡ ಎತ್ತಿಕೊಂಡುಹೋಗಿ ಎಲ್ಲೋ ಎಸೆದರು.

"ಇನ್ನೂ ಐದಾರಿದ್ವಲ್ಲ?" ಎಂದೆ.

"ದೀಪ ಹಚ್ಚೋ ಮನ್ಯಾಗ ಅದನ್ನ ಇಡೋದು ಬ್ಯಾಡ," ಎಂದರು. ಅವರು ಹಗಲೆಲ್ಲ ಆಂಟೆನಾಗಳ ಲೆಕ್ಕ ಮಾಡುವವರು. ನನಗೂ ಆಗ ಅದು ಸರಿಯೆನಿಸಿತು. ಈಗ ನಗು ಬರುತ್ತದೆಂದು ಬರೆಯಹೊರಟೆ, ಆದರೆ ಬರುತ್ತಿಲ್ಲ.

ಅತ್ತೆಯವರು ಬಂದವರೇ ಕ್ಯಾಲೆಂಡರ್ ಮುಂದೆ ನಿಂತರು. "ನಿಂದು ಯಾವತ್ತು ಬರ್ತದವಾ?"

ಹೇಳಿದೆ. ಲೆಕ್ಕಕ್ಕೆ ಅದು ಚೌತಿ ಪಂಚಮಿಯ ಹೊತ್ತಿಗೆ ಬೀಳುತ್ತಿತ್ತು. ಎರಡು ಕೋಣೆಯ ಮನೆಯಲ್ಲಿ ಒಂದರಲ್ಲಿ ದೀಪ. ನಾನು ಹೊರಗೆ ಕೂರುವುದಾದರೂ ಎಲ್ಲಿ?

"ಗುಳಿಗಿ ತೊಗೊ. ಈಗ ಎಲ್ಲಾರೂ ತೊಗೋತಾರ. ನಮ್ಮ ಕಾಲಕ್ಕ ಇದ್ದಿದ್ರ ನಾನೂ ತೊಗೋತಿದ್ದೆ."

ಅವರು ಕಾಲೊನಿಯ ಅದೇ ಅಂಗಡಿಗೆ ಹೋಗಿ, ನಾಲ್ಕು ಜನರ ಎದುರು, "ಪೂಜಾ ಕೆ ಲಿಯೆ ಬಹೂ ಕೋ ಗೋಲಿ ದೇನಾ" ಎಂದು ಸೊಸೆಗೆ ಪೂಜೆಯ ಗುಳಿಗೆಯನ್ನು ಗಟ್ಟಿಯಾಗಿ ಕೇಳಿದ್ದು, ಅಂಗಡಿಯವನು "ಜೈ ಮಾತಾಜಿ! ಕೇಟ್ಲಾ ದಿವಸ್, ಮಾಜಿ?" ಎಂದು ಎಷ್ಟು ದಿನಕ್ಕೆಂದಷ್ಟೇ ವಿಚಾರಿಸಿ ಡಾಕ್ಟರ ಚೀಟಿಯಿಲ್ಲದೆ ಎಣಿಸಿಕೊಟ್ಟದ್ದು, ಇದೆಲ್ಲ ನನಗೆ ಕಣ್ಣಾರೆ ಕಂಡಂತೆ ನೆನಪಿದೆ. ಆದರೆ ಆ ದಿನ ನಾನು ವಡೋದರಾಕ್ಕೆ ಹೋಗಿ ರಜೆಯ ಅರ್ಜಿ ಕೊಟ್ಟು ಬಂದೆನೆಂದು ಡೈರಿ ಹೇಳುತ್ತದೆ. ಅಂದರೆ ನಾನು ಅಲ್ಲಿರಲಿಲ್ಲ. ಅತ್ತೆಯವರೇ ಹೇಳಿದ್ದನ್ನು ಕೇಳಿ ಅಂಗಡಿಯನ್ನೂ ಜನರನ್ನೂ ನಾನು ತುಂಬಿಸಿಕೊಂಡಿರಬೇಕು.

ದಿನಕ್ಕೆ ಮೂರು ಗುಳಿಗೆ. ಅತ್ತೆಯವರು ದೀಪಕ್ಕೆ ಎಣ್ಣೆ ಹಾಕುವ ಹೊತ್ತಿಗೇ ನೀರಿನ ಲೋಟ ಹಿಡಿದು ನಿಲ್ಲುತ್ತಿದ್ದರು. ದೀಪ ದಶಮಿಯವರೆಗೆ ಚೆನ್ನಾಗಿ ಉರಿಯಿತು. ಅಷ್ಟಕ್ಕೆ ನಿಲ್ಲಬಹುದಿತ್ತು. ಅತ್ತೆಯವರಿಗೆ ಶೀಗಿ ಹುಣ್ಣಿಮೆಗೆ ಸತ್ಯನಾರಾಯಣ ಪೂಜೆಯನ್ನೂ ಮುಗಿಸಿಕೊಂಡೇ ಊರಿಗೆ ಹೋಗುವ ಆಸೆ. ಗುಳಿಗೆ ಇನ್ನೈದು ದಿನ ಮುಂದುವರಿಯಿತು.

ನವರಾತ್ರಿಯುದ್ದಕ್ಕೂ ಗಂಡ ಹೊರಕೋಣೆಯಲ್ಲಿ ಚಾಪೆ ಹಾಕಿಕೊಳ್ಳುತ್ತಿದ್ದರು. ದಶಮಿ ಕಳೆದ ಮೇಲೆ ಆ ನಿಷೇಧವಿಲ್ಲ. ಅವರು ನವರಂಗಪುರಕ್ಕೆ ಹೋಗಿಬರುತ್ತೇನೆಂದು ಸ್ಕೂಟರಿನ ಕೀಲಿ ತೆಗೆದುಕೊಂಡಾಗ ತಡೆದವಳು ನಾನೇ. "ಬ್ಯಾಡ್ರಿ. ಗುಳಿಗಿ ನಡದಾವಲ್ಲ. ಹಾರ್ಮೋನ್ ಗುಳಿಗಿ. ಮುಟ್ಟು ತಡಿಯೂದು, ಬಸಿರು ತಡಿಯೂದು, ಎರಡೂ ಒಂದೇ." ಸ್ಟ್ರಿಪ್ಪಿನ ಹಿಂದಿನ ಹೆಸರನ್ನು ಓದಿ, ಎಂ.ಎಸ್ಸಿ. ಓದುವವಳ ಠೀವಿಯಲ್ಲಿ ಹೇಳಿದೆ. ಅವರು ನಂಬಿದರು. ಹೆಂಡತಿ ವಿಜ್ಞಾನ ಓದಿದವಳಲ್ಲವೇ?

ಹುಣ್ಣಿಮೆಯ ಮರುದಿನ ಅತ್ತೆಯವರನ್ನು ರೈಲು ಹತ್ತಿಸಿ ಗುಳಿಗೆ ನಿಲ್ಲಿಸಿದೆ. ಎರಡು ಮೂರು ದಿನಕ್ಕೆ ಬರುತ್ತದೆ ಎಂದಿದ್ದರು. ನಾನು ಫತೇಗಂಜ್‌ಗೆ ಮರಳಿದೆ. ಮೂರು ದಿನ ಕಳೆಯಿತು, ಐದು ಕಳೆಯಿತು. ಲ್ಯಾಬಿನಲ್ಲಿ ಪೆಟ್ರಿ ತಟ್ಟೆಗಳ ಮೇಲೆ ಬೆಳೆದ ಚುಕ್ಕೆಗಳನ್ನು ಎಣಿಸುತ್ತ ಅರ್ಧಕ್ಕೆ ಲೆಕ್ಕ ತಪ್ಪಿ, ತಿಂಗಳುಗಳನ್ನು ಎಣಿಸತೊಡಗಿದೆ. ಏಪ್ರಿಲ್‌ಗೆ ಏಳನೆಯ ತಿಂಗಳು. ಏಳಕ್ಕೆ ಧಾರವಾಡದಲ್ಲಿ ಕುಬಸ, ಅಂದರೆ ಸೀಮಂತ. ಹಸಿರು ಸೀರೆ ಉಡಿಸಿ ಕೂರಿಸುವ ದಿನವೇ ನನ್ನ ಪ್ರಾಕ್ಟಿಕಲ್ ಪರೀಕ್ಷೆ ಎಂದು ಯಾವ ಆಧಾರವೂ ಇಲ್ಲದೆ ನಿರ್ಧರಿಸಿಬಿಟ್ಟಿದ್ದೆ.

ರಜೆಯಲ್ಲಿ ತಪ್ಪಿದ ಲ್ಯಾಬ್ ಕೆಲಸಕ್ಕೆಂದು ಆ ವಾರ ಮನೆಗೆ ಹೋಗಿರಲಿಲ್ಲ. ಭಾನುವಾರ ಬಾಡಿಗೆ ಮನೆಯ ಫೋನಿಗೇ ಅತ್ತೆಯವರ ಕರೆ ಬಂತು. "ಬಂತೇನವಾ?"

"ಹೂನ್ರಿ ಅತ್ಯಾ, ಬಂತ್ರಿ."

ಇಲ್ಲವೆಂದಿದ್ದರೆ ಅವರು ಆ ಕ್ಷಣವೇ ಮಾವನವರನ್ನು ಕೂಗುತ್ತಿದ್ದರು. ನಿಜವಾಗಿ ಬಸಿರಾಗಿದ್ದರೆ ಈ ಸುಳ್ಳಿನ ಗತಿ? ಗಂಡನಿಗೆ ಫೋನು ಮಾಡಿ ಹೇಳಿದೆ. ಅವರು, "ನೀನೇ ಹೇಳಿದ್ದ್ಯಲ್ಲ, ಎರಡೂ ಒಂದೇ ಅಂತ," ಎಂದರು. ಬೈದದ್ದಲ್ಲ, ನಿಜಕ್ಕೂ ಗೊತ್ತಾಗದೆ ಕೇಳಿದ್ದು. ಅದೇ ಹೆಚ್ಚು ಚುಚ್ಚಿತು.

ನನ್ನ ಕೋಣೆಯ ಜೊತೆಗಾತಿ ಸೂರತ್ತಿನ ಜೈನರ ಹುಡುಗಿ. ಬೈಗುಳವಿಲ್ಲದೆ ಅವಳಿಗೆ ವಾಕ್ಯ ಮುಗಿಯುತ್ತಿರಲಿಲ್ಲ. ಎಂಟನೆಯ ದಿನ ನಾನು ಊಟದ ತಟ್ಟೆ ಸರಿಸಿದ್ದನ್ನು ನೋಡಿ, ಬಾಯಿ ಬಿಡಿಸಿದಳು. ಕೇಳಿ ತಲೆ ಚಚ್ಚಿಕೊಂಡಳು.

"ಗಧೇಡಿ! ಕತ್ತೆ! ಪರ್ಯುಷಣದ ಉಪವಾಸ ಪೂಜೆಗೆ ನಮ್ಮಮ್ಮ, ದೊಡ್ಡಮ್ಮ, ಚಿಕ್ಕಮ್ಮ ಎಲ್ಲರೂ ಅದನ್ನೇ ನುಂಗುತ್ತಾರೆ. ಅದರಿಂದ ಮಕ್ಕಳಾಗುವುದು ನಿಲ್ಲುತ್ತಿದ್ದರೆ ನನ್ನ ಹದಿನಾಲ್ಕು ಕಸಿನ್‌ಗಳು ಎಲ್ಲಿಂದ ಬಂದರು?"

ನಾನು ನಕ್ಕೆ, ನಗುತ್ತಲೇ ಅಳು ಬಂತು. ಇಷ್ಟು ಸಣ್ಣ ಸಂಗತಿ ನನಗೇಕೆ ತಿಳಿದಿರಲಿಲ್ಲ? ಧಾರವಾಡದಲ್ಲಿ ನಾನು ಓದಿದ ಶಾಲೆ ಒಂದು ಮಠದ್ದು. ಹತ್ತನೆಯ ತರಗತಿಯ ಜೀವಶಾಸ್ತ್ರದಲ್ಲಿ ಆ ಪಾಠ ಬಂದಾಗ ಟೀಚರು, "ಇದನ್ನ ಮನ್ಯಾಗ ಓದ್ಕೊಳ್ರಿ, ಪರೀಕ್ಷಾದಾಗ ಬರೂದಿಲ್ಲ," ಎಂದು ಮುಂದಿನ ಪಾಠಕ್ಕೆ ಹೋದರು. ಆ ಪುಟಗಳಿಗೆ ಶಾಲೆಯವರೇ ಪಿನ್ನು ಹೊಡೆದು ಕೊಟ್ಟಿದ್ದರೆಂದು ನಾನು ವರ್ಷಗಟ್ಟಲೆ ಎಲ್ಲರಿಗೂ ಹೇಳುತ್ತ ಬಂದೆ. ಇತ್ತೀಚೆಗೆ ಅದೇ ತರಗತಿಯ ಗೆಳತಿಯೊಬ್ಬಳು, "ಪಿನ್ನು ಯಾರೂ ಹೊಡದಿದ್ದಿಲ್ಲ. ನೀನs ತಗದು ನೋಡ್ಲಿಲ್ಲ," ಎಂದಳು. ಅವಳು ಹೇಳಿದ್ದೇ ನಿಜವಿರಬಹುದು. ಪಿನ್ನಿದ್ದಿದ್ದರೆ ನನಗೆ ಸಮಾಧಾನವಿತ್ತು.

ಹತ್ತನೆಯ ದಿನ ಜೊತೆಗಾತಿ ನನ್ನನ್ನು ಎಳೆದುಕೊಂಡು ಅದೇ ಬೀದಿಯ ಲೇಡಿ ಡಾಕ್ಟರ ಹತ್ತಿರ ಹೋದಳು. ಅರವತ್ತು ದಾಟಿದ ಕ್ರೈಸ್ತ ಹೆಂಗಸು, ಮೇಜಿನ ಹಿಂದೆ ಮೇರಿ ಮಾತೆಯ ಪಟ. ಪಟ ಕಂಡೊಡನೆ, ಇವರು ಬೈದು ಕಳಿಸುತ್ತಾರೆ ಎಂದುಕೊಂಡೆ. ಅವರು ನನ್ನ ಕೊರಳಿನ ತಾಳಿ ನೋಡಿದರು, ಕೇಳಬೇಕಾದ್ದನ್ನೆಲ್ಲ ಹಿಂದಿಯಲ್ಲಿ ಕೇಳಿದರು, ಮೂತ್ರ ಪರೀಕ್ಷೆಗೆ ಕಳಿಸಿದರು. ಕಾಯುವ ಬೆಂಚಿನಲ್ಲಿ ನಾನು ದೀಪದ ದೇವಿಗೆ ಹರಕೆ ಹೊತ್ತೆ. ಇದನ್ನು ಡೈರಿಯಲ್ಲಿ ಬರೆದಿಲ್ಲ, ಆದರೆ ಮರೆತಿಲ್ಲ. ಮಗು ಆಗದಿರಲಿ ಎಂದು ದೇವಿಯನ್ನು ಕೇಳಿದ್ದಕ್ಕೆ ಮರುಕ್ಷಣವೇ ಹೆದರಿ ಕ್ಷಮೆಯನ್ನೂ ಕೇಳಿದೆ.

"ಇಲ್ಲ," ಎಂದರು ಡಾಕ್ಟರು. "ಬಸಿರಲ್ಲ. ಬಹಳ ದಿನ ನುಂಗಿದ್ದೀಯ, ಮೇಲೆ ಹೆದರಿದ್ದೀಯ. ವಾರದಲ್ಲಿ ಬರದಿದ್ದರೆ ಮತ್ತೆ ಬಾ." ನಾನು ಏಳುವಾಗ ಕೈ ತೋರಿಸಿ ಕೂರಿಸಿದರು. "ಆ ಗುಳಿಗೆ ಮುಟ್ಟನ್ನು ಮುಂದೆ ಹಾಕುತ್ತದೆ. ಬಸಿರು ತಡೆಯುತ್ತದೆಂದು ಅದನ್ನು ನಂಬಬಾರದು. ದೇವರಿಗೆಂದು ನುಂಗುವಾಗ ಯಾರನ್ನೂ ಕೇಳಬೇಕೆನಿಸಲಿಲ್ಲವೇ?"

ತಡೆಯಲು ಯಾವುದು ನುಂಗಬೇಕೆಂದು ನಾನು ಮೆಲ್ಲಗೆ ಕೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿದರು. "ನಮ್ಮ ಚರ್ಚು ಅದನ್ನು ಒಪ್ಪುವುದಿಲ್ಲ. ನಾನು ಬರೆದುಕೊಡುವುದಿಲ್ಲ." ಆಮೇಲೆ ಮುಚ್ಚಳ ಮತ್ತೆ ತೆಗೆದು, ಚೀಟಿಯ ಹಿಂಬದಿಯಲ್ಲಿ ತಿಂಗಳ ಇಪ್ಪತ್ತೆಂಟು ದಿನಗಳ ಗೆರೆ ಎಳೆದು, ಯಾವಾಗ ಏನಾಗುತ್ತದೆಂದು ಬಿಡಿಸಿ ಹೇಳಿದರು. ಕೆಳಗೆ ಸರಕಾರಿ ಆಸ್ಪತ್ರೆಯ ಕುಟುಂಬ ಯೋಜನೆ ವಿಭಾಗದ ಕೋಣೆ ಸಂಖ್ಯೆ ಬರೆದರು. "ಅಲ್ಲಿ ಕೇಳು. ನಾನು ಕಳಿಸಿದೆ ಎನ್ನಬೇಡ."

ಮರುದಿನ ಶನಿವಾರ ಅಹಮದಾಬಾದಿನ ರೈಲಿನಲ್ಲಿ ಹೊಟ್ಟೆನೋವು ಶುರುವಾಯಿತು. ಮಣಿನಗರ ಸ್ಟೇಷನ್ ಬರುವಷ್ಟರಲ್ಲಿ ಮುಟ್ಟೇ ಎಂದು ಖಾತ್ರಿಯಾಯಿತು. ಆ ದಿನದ ಪುಟದಲ್ಲಿಯೂ "ತಲೆನೋವು" ಎಂದೇ ಇದೆ. ಅದೇಕೆಂದು ಅರ್ಥವಾಗುತ್ತಿಲ್ಲ.

ಏಪ್ರಿಲ್‌ನಲ್ಲಿ ಪರೀಕ್ಷೆ ಬರೆದೆ, ಪಾಸಾದೆ, ಅದೇ ಲ್ಯಾಬಿನಲ್ಲಿ ಪಿಎಚ್.ಡಿ.ಗೆ ಸೇರಿಕೊಂಡೆ. ಪರೀಕ್ಷೆಯ ಹೊತ್ತಿಗೆ ಸರಕಾರಿ ಆಸ್ಪತ್ರೆಯ ಗುಳಿಗೆ ಶುರುವಾಗಿ ಆರು ತಿಂಗಳಾಗಿತ್ತು. ಮಾವನವರ ಕರಾರು ಹಾಗೆಯೇ ಇತ್ತು. ಮರುವರ್ಷ ದೀಪ ಧಾರವಾಡದ ದೊಡ್ಡ ಮನೆಯಲ್ಲಿ. ಒಂದು ಸ್ಟ್ರಿಪ್ ಮುಗಿದೊಡನೆ ವಾರ ಬಿಡದೆ ಮುಂದಿನದನ್ನು ಶುರು ಮಾಡಿದರೆ ಮುಟ್ಟೂ ಮುಂದೆ ಹೋಗುತ್ತದೆಂದು ಆಸ್ಪತ್ರೆಯ ನರ್ಸ್ ತಿಳಿಸಿದ್ದಳು. ಬೇರೆ ಗುಳಿಗೆ ಬೇಕಿರಲಿಲ್ಲ. ಹೊಸ ಸ್ಟ್ರಿಪ್ ಬ್ಯಾಗಿನಲ್ಲಿಟ್ಟುಕೊಂಡು ಹೋದೆ.

ಕರ್ಪೂರ ಹುಡುಕುತ್ತ ಅತ್ತೆಯವರು ನನ್ನ ಬ್ಯಾಗು ತೆಗೆದರು. ಸ್ಟ್ರಿಪ್ ಕೈಗೆ ಬಂತು. ತಿರುಗಿಸಿ ನೋಡಿದರು.

"ಇದೇನವಾ?"

"ದೀಪಕ್ಕ್ರಿ, ಅತ್ಯಾ."

"ಇದು ದಿನಕ್ಕೊಂದು ಅಂತ ಬಾಣ ಹಾಕ್ಯಾರ. ಒಂಬತ್ತ ದಿನಕ್ಕ ಇಪ್ಪತ್ತೊಂದು?"

ಹೊರಗಿನ ಪಡಸಾಲೆಯಲ್ಲಿ ಮಾವನವರು ಪೇಪರ್ ಓದುತ್ತಿದ್ದರು. ಅತ್ತೆಯವರು ಒಮ್ಮೆ ಆ ಕಡೆ ನೋಡಿದರು. "ಎಣ್ಣಿ ಕಡಿಮಿ ಆಗೇದ, ನೋಡು ಹೋಗು," ಎಂದರು. ನಾನು ಹೋದೆ. ದೀಪದಲ್ಲಿ ಎಣ್ಣೆ ಸಾಕಷ್ಟಿತ್ತು.

ತಿರುಗಿ ಬಂದಾಗ ಬ್ಯಾಗಿನಲ್ಲಿ ಸ್ಟ್ರಿಪ್ ಇರಲಿಲ್ಲ. ಸಂಜೆಯವರೆಗೆ ಯಾರ ಮುಖವನ್ನೂ ನೋಡಲಾಗಲಿಲ್ಲ. ಸಂಜೆ ಸೀರೆ ಬದಲಿಸಲು ನನ್ನ ಟ್ರಂಕು ತೆಗೆದಾಗ ತಳದಲ್ಲಿ, ನನ್ನ ರೇಷ್ಮೆ ಸೀರೆಯ ಮಡಿಕೆಯೊಳಗೆ ಸಿಕ್ಕಿತು. ಅತ್ತೆಯವರ ಕರವಸ್ತ್ರದಲ್ಲಿ ಸುತ್ತಿ ಇಟ್ಟಿದ್ದರು. ಅಲ್ಲೇ ನಿಂತು ಎಣಿಸಿದೆ. ಒಂದೂ ಕಡಿಮೆಯಾಗಿರಲಿಲ್ಲ.