ನಮಗೂ ತಕ್ಕದ್ದೇ

ಮಂಜೂ, ಸರಳಾ — ನಿಮ್ಮ ತಾತನ ಕಾದಂಬರಿಯ ವಿಷಯದಲ್ಲಿ ಮೋಸ ಮಾಡಿದವರು ಪ್ರಕಾಶಕರಲ್ಲ. ನಾನು.

ಮೊದಲ ಸಾಲಿನಲ್ಲೇ ಬರೆದುಬಿಟ್ಟೆ. ಎರಡನೆಯ ಸಾಲಿಗೆ ಬಿಟ್ಟಿದ್ದರೆ ಹಾಳೆ ಮಡಿಸಿಟ್ಟು ಹುಣಸೆಹಣ್ಣು ಬಿಡಿಸಲು ಎದ್ದುಹೋಗುತ್ತಿದ್ದೆ — ನನ್ನ ಬುದ್ಧಿ ನನಗೆ ಗೊತ್ತು.

ಮಂಜು, ತಾತನ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸುತ್ತೇನೆಂದು ಹೋದ ಭಾನುವಾರ ನಿನ್ನ ಮುನ್ನುಡಿಯನ್ನು ನನಗೆ ಓದಿ ಹೇಳಿದೆಯಲ್ಲ. ಅದರಲ್ಲಿ ಸೋಮಯ್ಯನವರನ್ನು 'ಬಡ ಗುಮಾಸ್ತನ ನಂಬಿಕೆಗೆ ದ್ರೋಹ ಬಗೆದ ಧೂರ್ತ ಪ್ರಕಾಶಕ' ಎಂದು ಬರೆದಿದ್ದೀಯೆ. ಸರಳಾ ಚಪ್ಪಾಳೆ ತಟ್ಟಿದಳು. ಹೇಗಿದೆ ಅಜ್ಜಿ ಎಂದು ನೀನು ಕೇಳಿದಾಗ ನಾನು "ಅಕ್ಷರ ಚೆನ್ನಾಗಿದೆ" ಅಂದೆ. ನೀವಿಬ್ಬರೂ ನಕ್ಕಿರಿ. ಆಗಲೇ ಹೇಳಬೇಕಾಗಿತ್ತು. ಆದರೆ ಎದುರಿಗೆ ನಿಂತು ಹೇಳುವುದು ನನ್ನಿಂದ ಆಗದ ಕೆಲಸ. ನನಗೆ ಬಾಯಿಗಿಂತ ಕೈಗೆ ಧೈರ್ಯ ಹೆಚ್ಚು — ಈ ಎಲ್ಲ ಅನಾಹುತಕ್ಕೂ ಆ ಕೈಯೇ ಕಾರಣ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಸರಸ್ವತಿಪುರಂನಲ್ಲಿ ಸಣ್ಣದೊಂದು ಬಾಡಿಗೆ ಮನೆ. ತಾತ, ನಾನು, ನನ್ನ ಅತ್ತೆ, ತೊಟ್ಟಿಲಲ್ಲಿ ನಿಮ್ಮಪ್ಪ. ತಾತ ವಕೀಲರೊಬ್ಬರ ಹತ್ತಿರ ಗುಮಾಸ್ತರಾಗಿದ್ದರು. ಆರು ವರ್ಷ ಕೂತು ಒಂದು ಕಾದಂಬರಿ ಬರೆದಿದ್ದರು. ಅದರ ಹೆಸರು 'ಗಡಿಕಲ್ಲಿನ ವ್ಯಾಜ್ಯ'. ಅದರಲ್ಲಿ ಅಣ್ಣತಮ್ಮಂದಿರು ಒಂದು ಕಲ್ಲಿಗಾಗಿ ಮೂವತ್ತು ವರ್ಷ ಕೋರ್ಟಿಗೆ ಅಲೆಯುತ್ತಾರೆ. ಕಲ್ಲು ಮಾತ್ರ ಇದ್ದಲ್ಲೇ ಇರುತ್ತದೆ. ತಾತನ ಕೈಬರಹ ಅವರೊಬ್ಬರಿಗೇ ಓದಲು ಬರುತ್ತಿತ್ತು, ಅದೂ ಬರೆದ ದಿನ ಮಾತ್ರ. ನಾನು ತವರೂರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ನನ್ನ ಅಕ್ಷರ ದಪ್ಪಗೆ, ದುಂಡಗೆ, ಒಂದಕ್ಕೊಂದು ತಾಗದಂತೆ ಇರುತ್ತಿತ್ತು. ಹಾಗಾಗಿ ಶುದ್ಧ ಪ್ರತಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು; ಕೂಡಿಸಿ ಕೂಡಿಸಿ ಓದುತ್ತಾ ಆ ಗೀಚು ನನಗೂ ಅಭ್ಯಾಸವಾಯಿತು.

ಪ್ರತಿ ಮುಗಿಯುವ ಹೊತ್ತಿಗೆ ಸರಿಯಾಗಿ ಸೋಮಯ್ಯನವರ ಕರಪತ್ರ ಮನೆಗೆ ಬಂತು. ಸೋಮಯ್ಯನವರು ಊರಿನಲ್ಲೇ ಅಚ್ಚುಕೂಟ ಇಟ್ಟುಕೊಂಡು ಪುಸ್ತಕ ಪ್ರಕಟಿಸುತ್ತಿದ್ದವರು. ಅವರು ಕಾದಂಬರಿ ಸ್ಪರ್ಧೆ ನಡೆಸುತ್ತಿದ್ದರು. ಗೆದ್ದ ಕಾದಂಬರಿಗೆ ಬಹುಮಾನ, ಜೊತೆಗೆ ಅಚ್ಚು. ಕೆಳಗೆ ನಿಬಂಧನೆಗಳು. ಅವಕ್ಕೆ ಒಪ್ಪಿಗೆ ಇದೆಯೆಂದು ಲೇಖಕರು ಪತ್ರ ಬರೆದು ಹಸ್ತಪ್ರತಿಯ ಜೊತೆ ಕಳಿಸಬೇಕಾಗಿತ್ತು.

ಬೇರೆಯವರಾಗಿದ್ದರೆ ಮೇಲಿನ ಬಹುಮಾನವನ್ನು ಓದಿ ಸಂತೋಷಪಡುತ್ತಿದ್ದರು. ತಾತ ಕೆಳಗಿನ ನಿಬಂಧನೆಗಳನ್ನು ಓದಿ ಸಂತೋಷಪಟ್ಟರು. ದಿನಾ ಸಂಜೆ ಆಫೀಸಿನಿಂದ ಬಂದು, ಕಾಫಿ ಕುಡಿದು, ನಡುಮನೆಯಲ್ಲಿ ಚಾಪೆ ಹಾಸಿ ವಿಚಾರಣೆ ಶುರುಮಾಡುವರು. ಚಾಪೆಯ ಈ ತುದಿಯಲ್ಲಿ ಕೂತರೆ ಪ್ರಕಾಶಕರ ಪರ. ಆ ತುದಿಗೆ ಸರಿದರೆ ಲೇಖಕನ ಪರ.

"ಏನ್ರೀ ಲೇಖಕರೇ, ಕಾಗದ ನಮ್ಮದು, ಮಸಿ ನಮ್ಮದು, ಅಚ್ಚುಮೊಳೆ ನಮ್ಮದು. ನಿಮ್ಮದೇನ್ರೀ ಇದೆ?" ಎಂದು ಈ ತುದಿಯಿಂದ ಗದರುವರು. ಆ ತುದಿಗೆ ಸರಿದು, "ತಲೆ ನಮ್ಮದು ಸ್ವಾಮಿ!" ಎನ್ನುವರು. ಮತ್ತೆ ಈಚೆಗೆ ಬಂದು, "ಅದು ಸರಿ, ಕಾಗದದ ಒಂದೇ ಮಗ್ಗುಲಲ್ಲಿ ಬರ್ದಿದೀರಾ?" ಎಂದು ಕೇಳುವರು. ಅವರೊಬ್ಬರೇ ಇದ್ದರೂ ಹೆಚ್ಚು ಸಲ ಪ್ರಕಾಶಕರೇ ಗೆಲ್ಲುತ್ತಿದ್ದರು.

ಅತ್ತೆ ಮೊದಮೊದಲು ಇದನ್ನು ಯಾವುದೋ ಪಾರಾಯಣ ಎಂದುಕೊಂಡು ಕೈಮುಗಿಯುತ್ತಿದ್ದರು. ಒಂದು ದಿನ ಪೂರಾ ಕೇಳಿಸಿಕೊಂಡು ಹೇಳಿದರು: "ಲೋ ಮಗ, ಒಂದೇ ಮಗ್ಲು ಅಂದವ್ರಲ್ಲ, ಎಡ ಮಗ್ಲೋ ಬಲ ಮಗ್ಲೋ ಕೇಳ್ಕೊಂಡ್ಬುಡು. ನೀನು ಒಂದ್ ಮಗ್ಲಾಗಿ ಬರ್ದು ಅವ್ರು ಇನ್ನೊಂದ್ ಮಗ್ಲು ಅಂದ್ಬುಟ್ರೆ?"

ನಾನು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದೆ. ತಾತ ನಗಲಿಲ್ಲ. ಬರೆದುಕೊಂಡರು. 'ಮಗ್ಗುಲು ಎಂಬ ಪದದ ಅರ್ಥ ಸಂದಿಗ್ಧವಾಗಿದೆ' — ಅವರ ಹದಿನಾಲ್ಕು ತಕರಾರುಗಳಲ್ಲಿ ಅದು ಎರಡನೆಯದು.

ಉಳಿದವು ನಗುವಂಥವಲ್ಲ. ಮೂರನೆಯ ನಿಬಂಧನೆ ನನಗೆ ಈಗಲೂ ಬಾಯಿಪಾಠ: 'ಬಹುಮಾನ ಪಡೆದ ಕಾದಂಬರಿಯ ಸಕಲ ಹಕ್ಕುಗಳೂ ಪ್ರಕಾಶಕರಿಗೆ ಸೇರತಕ್ಕದ್ದು.' ನಾಲ್ಕನೆಯದು: 'ಹೆಸರನ್ನೂ ಅಧ್ಯಾಯಗಳನ್ನೂ ಪ್ರಕಾಶಕರು ಬದಲಾಯಿಸಲು ಲೇಖಕರು ಸಮ್ಮತಿಸತಕ್ಕದ್ದು.' ಇವೆರಡರ ಮೇಲೆ ತಾತ ವಾರಗಟ್ಟಲೆ ಚಾಪೆ ಸವೆಸಿದರು. ಹೆಸರಿನ ಒಂದಕ್ಷರ ಬದಲಾದರೂ ಒಪ್ಪುವುದಿಲ್ಲ, ಒಂದು ಅಧ್ಯಾಯ ಕಳೆದರೂ ಒಪ್ಪುವುದಿಲ್ಲ, ಮೊದಲ ಮುದ್ರಣ ಮುಗಿದ ಮೇಲೆ ಹಕ್ಕು ವಾಪಸ್ಸು ಬರಬೇಕು — ಹೀಗೆ ಒಂದು ಪತ್ರ ತಯಾರಾಯಿತು. ಅದರ ಪ್ರತಿ ಸಾಲಿನ ಕೊನೆಗೂ 'ತಕ್ಕದ್ದಲ್ಲ, ತಕ್ಕದ್ದಲ್ಲ' ಎಂದಿತ್ತು.

ಈಗ ನನ್ನ ಕಥೆ. ನನ್ನ ತವರೂರಿನಲ್ಲಿ 'ತಕ್ಕದ್ದು' ಎಂದರೆ ಒಪ್ಪುವಂಥದ್ದು, ಚೆಂದವಾದದ್ದು. ನನ್ನವ್ವ ನನ್ನನ್ನು ಒಂದು ದಿನವೂ ಬೈದವಳಲ್ಲ; "ಅದು ನಿಂಗೆ ತಕ್ಕದ್ದಲ್ಲ ಮಗಾ" ಎಂದು ಮೆಲ್ಲಗೆ ಹೇಳುತ್ತಿದ್ದಳು, ಅಷ್ಟೆ. ಹಾಗಾಗಿ ಸೋಮಯ್ಯನವರ ಕರಪತ್ರವನ್ನು ಓದಿದಾಗ ನನಗೆ ಏನನ್ನಿಸಿತೆಂದರೆ — ಎಷ್ಟು ಮರ್ಯಾದಸ್ಥರಪ್ಪ ಇವರು! ಹಕ್ಕು ನಮಗೆ ಸೇರಿದರೆ ಚೆನ್ನು ಎನ್ನುತ್ತಾರೆ, ನೀವು ಸಮ್ಮತಿಸಿದರೆ ಒಪ್ಪುತ್ತದೆ ಎನ್ನುತ್ತಾರೆ. ಎಲ್ಲಿಯೂ ಜೋರಿಲ್ಲ, 'ಕೊಡಬೇಕು' ಎಂಬ ಮಾತಿಲ್ಲ. ಅಂಥವರಿಗೆ ಇವರು ಸಾಲು ಸಾಲಿಗೂ ತಕ್ಕದ್ದಲ್ಲ ತಕ್ಕದ್ದಲ್ಲ ಎಂದು ಬೈದು ಬರೆಯುವುದೇ?

ಕಳಿಸಲು ಎರಡೇ ದಿನ ಉಳಿದಿರುವಾಗ ತಾತ ವಕೀಲರ ಜೊತೆ ಚಾಮರಾಜನಗರದ ಕೋರ್ಟಿಗೆ ಹೋಗಬೇಕಾಯಿತು. "ಈ ಪತ್ರಾನ ಶುದ್ಧ ಪ್ರತಿ ಮಾಡು. ಕರಡಿಗೆ ನಾನು ಸಹಿ ಹಾಕಿದೀನಿ, ಅದನ್ನೂ ಜೊತೆಗಿಟ್ಟು ರಿಜಿಸ್ಟರ್ ಮಾಡ್ಬುಡು. ಮರೀಬೇಡ ಕಣೇ, ಕಾದಂಬರಿಗಿಂತ ಆ ಪತ್ರ ಮುಖ್ಯ" ಎಂದು ಹೇಳಿ ಬಸ್ಸು ಹತ್ತಿದರು.

ನಾನು ಪತ್ರವನ್ನು ಎದುರಿಗಿಟ್ಟುಕೊಂಡು ಕೂತೆ. ಇದನ್ನು ನೋಡಿದರೆ ಯಾರಾದರೂ ಕಾದಂಬರಿಯ ಕಟ್ಟು ಬಿಚ್ಚುತ್ತಾರೆಯೇ ಎಂಬ ಭಯ. ಅದರ ಹಿಂದೆ ಇನ್ನೊಂದು, ಯಾರಿಗೂ ಹೇಳದ ಆಸೆ — ನಾನೂರು ಹಾಳೆ ನನ್ನ ಕೈಯಲ್ಲಿ ಬರೆದದ್ದು, ತೀರ್ಪುಗಾರರು ಅಷ್ಟು ದೊಡ್ಡವರು ನನ್ನ ಅಕ್ಷರ ನೋಡುತ್ತಾರಲ್ಲ... ತಕರಾರಿನ ಪತ್ರವನ್ನು ಹಂಡೆಯ ಒಲೆಗೆ ಹಾಕಿದೆ. ಹದಿನಾಲ್ಕು ತಕರಾರಿಗೆ ಒಂದು ತಂಬಿಗೆ ನೀರೂ ಬಿಸಿಯಾಗಲಿಲ್ಲ. ಬೇರೆ ಹಾಳೆ ತೆಗೆದು ಬರೆದೆ: 'ತಾವು ತಕ್ಕದ್ದೆಂದು ತಿಳಿದುದೆಲ್ಲ ನಮಗೂ ತಕ್ಕದ್ದೇ. ಇಂತು ತಮ್ಮ ವಿಧೇಯ.' ಕೆಳಗೆ ತಾತನ ಹೆಸರು. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದೆಂದು ನನಗೆ ಕಲಿಸಿದ್ದರು; ಬರೆಯಬಾರದೆಂದು ಯಾರೂ ಕಲಿಸಿರಲಿಲ್ಲ.

ಕಾದಂಬರಿ ಗೆದ್ದಿತು!

ಅಲ್ಲಿಂದ ಮೂರು ತಿಂಗಳು ತಾತ ನೆಲದ ಮೇಲೆ ನಡೆಯಲಿಲ್ಲ. "ಬಹುಮಾನ ಕೊಟ್ರು ಅಂದ್ರೆ ನನ್ನ ಹದಿನಾಲ್ಕೂ ಒಪ್ಪಿದ್ರು ಅಂತಾನೇ ಅರ್ಥ" ಎಂದು ಸಿಕ್ಕಿದವರಿಗೆಲ್ಲ ಹೇಳಿದರು. ಆಮೇಲೆ ಒಂದು ದಿನ ಪುಸ್ತಕದ ಅಂಗಡಿಯಲ್ಲಿ ಪುಸ್ತಕವನ್ನು ನೋಡಿ, ಕೊಂಡುಕೊಂಡು, ಮನೆಗೆ ಬಂದು ಚಾಪೆಯ ಮೇಲೆ ಎಸೆದರು. ಹೊದಿಕೆಯ ಮೇಲೆ ಅಳುವ ಹೆಂಗಸಿನ ಚಿತ್ರ. ಹೆಸರು 'ಕಮಲೆಯ ಕಣ್ಣೀರು'. ಕೋರ್ಟಿನ ಸಾಕ್ಷಿ ವಿಚಾರಣೆಯ ಮೂರು ಅಧ್ಯಾಯಗಳು ಮಾಯ. ನಾನು ಪ್ರತಿ ಮಾಡಿದವಳು, ನನಗೆ ಚೆನ್ನಾಗಿ ಗೊತ್ತು — ಆ ಕಾದಂಬರಿಯಲ್ಲಿ ಕಮಲೆ ಬರುವುದೇ ನಾಲ್ಕು ಕಡೆ, ಅಳುವುದು ಒಂದೇ ಸಲ, ಅದೂ ಒಲೆ ಊದುವಾಗ.

"ಅವರು ಮೊದಲೇ ಕೇಳಿದ್ದರಲ್ಲ," ಎಂದೆ ನಾನು. "ಬದಲಾಯಿಸಿದರೆ ತಕ್ಕದ್ದು ಅಂತ..."

"ತಕ್ಕದ್ದು ಅಂದ್ರೆ ಕೇಳೋದಲ್ಲ ಕಣೇ! ಆಗಲೇಬೇಕು ಅಂತ! ಅದಕ್ಕೇ ಅಲ್ವಾ ನಾನು ಅಷ್ಟು ಬಡ್ಕೊಂಡು ತಕ್ಕದ್ದಲ್ಲ ಅಂತ ಬರ್ದಿದ್ದು!"

ಆಗ ಹೇಳಬಹುದಾಗಿತ್ತು. ಬೈಯುತ್ತಿದ್ದರು; ಒಂದು ವಾರ ಮಾತು ಬಿಡುತ್ತಿದ್ದರು; ಆಮೇಲೆ... ನಾನು ಒಳಗೆ ಹೋಗಿ ಅಕ್ಕಿ ಆರಿಸಲು ಕೂತೆ. ಅದಾಗಲೇ ಆರಿಸಿಟ್ಟಿದ್ದ ಅಕ್ಕಿ.

ತಾತ ಸೋಮಯ್ಯನವರಿಗೆ ನೋಟೀಸು ಕಳಿಸಿದರು. ಅದನ್ನು ಅವರೇ ಬರೆದು ಅವರೇ ಅಂಚೆಗೆ ಹಾಕಿದ್ದರಿಂದ ಅದು ಹೋಗಿ ತಲುಪಿತು. ಮುಂದಿನ ಭಾನುವಾರ ಬೆಳಗ್ಗೆ ಸೋಮಯ್ಯನವರೇ ನಮ್ಮ ಬಾಗಿಲಿಗೆ ಬಂದರು. ಅತ್ತೆ ಊರಿಗೆ ಹೋಗಿದ್ದರು. ತಾತ ಕಿಟಕಿಯಿಂದ ನೋಡಿ, "ಮನೇಲಿಲ್ಲ ಅಂದ್ಬುಡು. ಏನಂತಾನೆ ಕೇಳ್ಕೋ" ಎಂದು ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತರು.

ನಾನು ಬಾಗಿಲ ಹಿಂದೆ ನಿಂತೆ. ಸೋಮಯ್ಯನವರು ವಯಸ್ಸಾದವರು, ಬಿಸಿಲಲ್ಲಿ ನಡೆದು ಬಂದು ಏದುಸಿರು ಬಿಡುತ್ತಿದ್ದರು. ಕಂಕುಳಲ್ಲಿ ಪುಸ್ತಕದ ಕಟ್ಟು. ಒಂದು ಕೈಯಲ್ಲಿ ನೋಟೀಸು, ಇನ್ನೊಂದರಲ್ಲಿ ನನ್ನ ದುಂಡು ಅಕ್ಷರದ ಪತ್ರ.

"ಇಷ್ಟು ವರ್ಷದಲ್ಲಿ ಇಷ್ಟು ದೊಡ್ಡ ಮನಸ್ಸಿನ ಪತ್ರ ನನಗೆ ಯಾರೂ ಬರೆದಿಲ್ಲ ತಾಯಿ. ನೋಡಿ, 'ನಮಗೂ ತಕ್ಕದ್ದೇ' ಅಂದಿದ್ದಾರೆ. ಇದು ನಿಮ್ಮ ಯಜಮಾನರ ಸಹಿಯೇ ಅಲ್ವಾ?"

"ಅವರದೇ," ಎಂದೆ.

"ಮತ್ತೆ ಈ ನೋಟೀಸು ಯಾಕೆ ತಾಯಿ? ನಾನೇನು ತಪ್ಪು ಮಾಡಿದೆ?"

ಈಗ ಬರೆಯುವ ಮಾತು ನಾನು ಇಷ್ಟು ವರ್ಷ ಯಾರ ಮುಂದೆಯೂ ಆಡಿಲ್ಲ. ನಾನು ಅಂದೆ: "ಅವರ ಸ್ವಭಾವವೇ ಹಾಗೆ. ಬೆಳಗ್ಗೆ ಕೊಟ್ಟ ಮಾತು ಸಂಜೆಗೆ ನೆನಪಿರಲ್ಲ."

ಮಾತಿಗೆ ಜೀವ ಬಿಡುವ ಮನುಷ್ಯ. ಒಂದು ಪದಕ್ಕೆ ವಾರಗಟ್ಟಲೆ ಚಾಪೆ ಸವೆಸುವವರು. ಅವರ ಮೇಲೆ ನಾನು ಆ ಮಾತು...

ಸೋಮಯ್ಯನವರು, "ಅಯ್ಯೋ ಪಾಪ. ನೀವಾದರೂ ಹೇಗೆ ಏಗ್ತಿದೀರೋ ತಾಯಿ" ಎಂದು ನೋಟೀಸನ್ನು ಮಡಿಸಿ ಜೇಬಿಗಿಟ್ಟು, ಲೇಖಕರಿಗೆ ಕೊಡುವ ಪ್ರತಿಗಳನ್ನು ಹೊಸ್ತಿಲ ಮೇಲಿಟ್ಟು, ಕೈಮುಗಿದು ಹೊರಟುಹೋದರು.

ನನ್ನ ದನಿ ಸಣ್ಣದು. ಬಾವಿಕಟ್ಟೆಗೆ ಒಂದಕ್ಷರವೂ ಕೇಳಿರಲಿಲ್ಲ. "ಏನಂದ?" ಎಂದರು ತಾತ.

"ತಪ್ಪಾಯ್ತು ಅಂದರು. ಕೈಮುಗಿದರು."

ಕೈಮುಗಿದದ್ದೊಂದು ಸುಳ್ಳಲ್ಲ. ಹೊರಡುವಾಗ ಎಲ್ಲರೂ ಮುಗಿಯುತ್ತಾರೆ.

ತಾತನ ಮುಖ ಅರಳಿತು. "ಬಾಗಿಲಿಗೆ ಬಂದು ತಪ್ಪೊಪ್ಕೊಂಡವನ ಮೇಲೆ ದಾವೆ ಹೂಡಬಾರದು" ಎಂದು ದೊಡ್ಡ ಮನಸ್ಸು ಮಾಡಿ ಬಿಟ್ಟುಬಿಟ್ಟರು. ಆದರೆ ಆ ಕಥೆ ಬಿಡಲಿಲ್ಲ. ಕೋರ್ಟಿನ ಅಂಗಳದಲ್ಲಿ, ಮದುವೆ ಮನೆಗಳಲ್ಲಿ, ಕೊನೆಗೆ ನಿಮ್ಮನ್ನು ತೊಡೆಯ ಮೇಲೆ ಕೂರಿಸಿಕೊಂಡು — 'ಮೋಸಗಾರ ಪ್ರಕಾಶಕ ನಮ್ಮ ಹೊಸ್ತಿಲಲ್ಲಿ ಕೈಮುಗಿದು ನಿಂತ ಕಥೆ'. ಪ್ರತಿ ಸಲವೂ "ನಿಮ್ಮಜ್ಜೀನೇ ಸಾಕ್ಷಿ, ಕೇಳಿ ಬೇಕಾದ್ರೆ" ಎನ್ನುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ.

ಅಲ್ಲಿಗೆ ಮುಗಿದಿದ್ದರೆ ನಗುತ್ತಾ ಹೇಳಿಬಿಡಬಹುದಿತ್ತು. ತಾತ ಎರಡನೆಯ ಕಾದಂಬರಿ ಬರೆದರು. ಸೋಮಯ್ಯನವರಿಗೆ ತೋರಿಸುವ ಮಾತೇ ಇರಲಿಲ್ಲ. ಬೇರೆ ಮೂವರಿಗೆ ಕಳಿಸಿದರು. ಮೂರು ಕಡೆಯಿಂದಲೂ ಹಿಂದಕ್ಕೆ ಬಂತು. ಒಬ್ಬರು ಮಾತ್ರ ಕಾರಣ ಬರೆದಿದ್ದರು: 'ಒಪ್ಪಂದದ ವಿಷಯದಲ್ಲಿ ತಮ್ಮೊಡನೆ ವ್ಯವಹರಿಸುವುದು ಕಷ್ಟವೆಂದು ಕೇಳಿ ಬಲ್ಲೆವು.' ತಾತ ಅದನ್ನು ನನಗೆ ಎರಡು ಸಲ ಓದಿ ಹೇಳಿದರು. "ನೋಡಿದ್ಯಾ? ನನ್ನ ಕಾನೂನಿನ ಹೆಸರು ಎಲ್ಲಿಗೆಲ್ಲಾ ಹೋಗಿದೆ! ಹೆದರ್ತಾರೆ ಕಣೇ, ಹೆದರ್ತಾರೆ!" ಎಂದು ನಕ್ಕರು. ನಾನೂ ನಕ್ಕೆ. ಅದು ಯಾರ ಬಾಯಿಂದ ಹೊರಟ ಮಾತು ಎಂದು ಆ ಮನೆಯಲ್ಲಿ ಒಬ್ಬಳಿಗೆ ಗೊತ್ತಿತ್ತು.

ಕಾದಂಬರಿಯೇ ಚೆನ್ನಾಗಿರಲಿಲ್ಲ ಎಂದುಕೊಂಡು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಅದರಲ್ಲಿ ಜಮೀನು ಮೋಜಣಿಯ ಅಳತೆಗಳೇ ಎಪ್ಪತ್ತು ಪುಟವಿದ್ದವು. ಪ್ರತಿ ಮಾಡುವಾಗ ನಾನೇ ಎರಡು ಸಲ ತೂಕಡಿಸಿದ್ದೆ. ಇರಬಹುದು. ಆದರೆ ಅದನ್ನು ಓದಿ ತಳ್ಳಿದರೋ ಓದದೆಯೇ ತಳ್ಳಿದರೋ ಎಂಬುದು ತಿಳಿಯದ ಹಾಗೆ ಮಾಡಿದವಳು ನಾನು. ಮೂರನೆಯದನ್ನು ಅವರು ಬರೆಯಲಿಲ್ಲ. ಅದಕ್ಕೆಂದು ತಂದಿಟ್ಟಿದ್ದ ಕಾಗದವನ್ನೆಲ್ಲ ನಿಮ್ಮಪ್ಪನ ಲೆಕ್ಕಕ್ಕೆ ಕೊಟ್ಟುಬಿಟ್ಟರು.

ನಾಲ್ಕನೇ ಕ್ಲಾಸಿನವಳು, ತಿಳಿಯದೆ ಮಾಡಿದಳು ಎಂದು ನೀವು ಹೇಳಬಹುದು. ಪತ್ರದ ಮಟ್ಟಿಗೆ ಅದು ನಿಜವಿದ್ದೀತು. ಬಾಗಿಲ ಹಿಂದೆ ನಿಂತು ಆಡಿದ ಮಾತಿಗೆ ಶಾಲೆ ಕಾರಣವಲ್ಲ. ಅದು ತಿಳಿದೇ ಆಡಿದ್ದು.

ಮಂಜು, ಮುನ್ನುಡಿಯಿಂದ ಆ ಧೂರ್ತ ಎಂಬ ಪದ ತೆಗೆ. ಇನ್ನೊಂದು ವಿಷಯ ನಿನಗೆ ತಿಳಿದಿಲ್ಲ. ಸಕಲ ಹಕ್ಕುಗಳೂ ಸೋಮಯ್ಯನವರದು — ನಾನೇ ಬರೆದುಕೊಟ್ಟಿದ್ದೇನೆ. ಅವರು ಈಗಿಲ್ಲ, ಮಗ ಜಯಲಕ್ಷ್ಮಿಪುರಂನಲ್ಲಿದ್ದಾರಂತೆ. ಅವರ ಅಪ್ಪಣೆಯಿಲ್ಲದೆ ಒಂದು ಪುಟವೂ ಅಚ್ಚಾಗಬಾರದು. ಬರುವ ಭಾನುವಾರ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗು. ಅವರು ಕೊಡುವುದಿಲ್ಲ ಎಂದರೆ ಬಾಯಿ ಮುಚ್ಚಿಕೊಂಡು ಬಂದುಬಿಡೋಣ. ಆದರೆ 'ನಿಮ್ಮ ತಂದೆ ಯಾರಿಗೂ ಮೋಸ ಮಾಡಲಿಲ್ಲ, ನಮ್ಮ ಯಜಮಾನರು ಯಾವ ಮಾತನ್ನೂ ಮರೆಯಲಿಲ್ಲ' — ಈ ಎರಡು ಮಾತು ಆ ಮನೆಯಲ್ಲಿ ಹೇಳಿ ಬರಬೇಕು.

ಹೇಳುತ್ತೇನೆ ಎಂದುಕೊಂಡಿದ್ದೇನೆ. ಅಲ್ಲಿ ಹೋಗಿ ನನ್ನ ಬಾಯಿ ಕಟ್ಟಿಹೋದರೆ, ಸರಳಾ, ಈ ಹಾಳೆಗಳನ್ನು ಅವರ ಕೈಗೆ ಕೊಡು. ಓದಿ ಮುಗಿಸುವವರೆಗೆ ನಾನು ಅಲ್ಲೇ ಕೂತಿರುತ್ತೇನೆ, ಎದ್ದುಹೋಗುವುದಿಲ್ಲ. ಆಮೇಲೆ ಮರೆಯದೆ ವಾಪಸ್ಸು ಇಸಿದುಕೊಂಡು ಬಾ. ಇನ್ನೊಂದು ಪ್ರತಿ ಮಾಡುವಷ್ಟು ಶಕ್ತಿ ಈ ಕೈಗಿಲ್ಲ, ಧೈರ್ಯವೂ ಇಲ್ಲ. ಇರುವುದು ಇದೊಂದೇ. ಜೋಪಾನವಾಗಿ ಇಟ್ಟುಕೊಳ್ಳಿ.