ಕೆಮ್ಮಿನ ಮೇಡಂ ಅಳಿಸಿದ ಚಿತ್ರ

ಕ್ಷಯರೋಗವನ್ನು ಎದುರಿಸುವ ಸಾಧನಗಳೆಂದರೆ ಮಾತ್ರೆ, ಕಫದ ಪರೀಕ್ಷೆ, ಎಕ್ಸ್‌ರೇ ಎಂದು ಬಲ್ಲವರು ಎಣಿಸುತ್ತಾರೆ. ಆ ಎಣಿಕೆಯಲ್ಲಿ ಕುಂಚಕ್ಕೆ ಜಾಗವಿರುವುದಿಲ್ಲ. ಎದೆರೋಗದ ಆಸ್ಪತ್ರೆಯ ಹಿಂಬದಿಯಲ್ಲಿ, ಮುರಿದ ಮಂಚಗಳನ್ನು ಪೇರಿಸಿಟ್ಟ ಕೋಣೆಯ ಅರ್ಧವನ್ನು ತಮ್ಮದಾಗಿಸಿಕೊಂಡು, ಮೂವತ್ತೊಂದು ವರ್ಷಗಳ ದುಡಿಮೆಯಿಂದ ಕುಂಚಕ್ಕೂ ಆ ಜಾಗ ದೊರಕಿಸಿಕೊಟ್ಟವರು ಇದೀಗ ನಿವೃತ್ತರಾಗುತ್ತಿರುವ ನಮ್ಮ ಆಸ್ಪತ್ರೆಯ ಚಿತ್ರಕಲಾವಿದೆ. ಕಡತಗಳಲ್ಲಿ ಅವರ ಹುದ್ದೆಗೆ ಮಾರುದ್ದದ ಹೆಸರಿದೆ. ಆಸ್ಪತ್ರೆಯ ಬಳಿಯ ಗಿರಣಿ ಓಣಿಯ ಜನ ಮಾತ್ರ ಅವರನ್ನು ಮೊದಲಿನಿಂದಲೂ ‘ಕೆಮ್ಮಿನ ಮೇಡಂ’ ಎಂದೇ ಕರೆದರು. ಆ ಹೆಸರಿಗೆ ಅವರು ಒಮ್ಮೆಯೂ ಮುಖ ಸಿಂಡರಿಸಿದವರಲ್ಲ.

ಈ ಅಭಿನಂದನಾ ಸಂಪುಟಕ್ಕೆ ಅವರು ಒಪ್ಪಿಗೆ ಕೊಟ್ಟದ್ದು ಒಂದೇ ಷರತ್ತಿನ ಮೇಲೆ. “ಟೈಲರಮ್ಮನ ವಿಷಯಾನೂ ಬರೆಯೋದಾದ್ರೆ ಬರೀರಿ. ಅದನ್ನ ಬಿಟ್ಟು ಹೊಗಳೋದಾದ್ರೆ ನನ್ನನ್ನೂ ಬಿಟ್ಬಿಡಿ,” ಎಂದರು. ಹಾಗಾಗಿ ಅಭಿನಂದನೆಗೆ ಒಗ್ಗದ ಸಂಗತಿಯೊಂದು ಇಲ್ಲಿ ಬರಲೇಬೇಕಾಗಿದೆ.

ಸೇವೆಗೆ ಸೇರಿದ ಹೊಸದರಲ್ಲಿ ಅವರ ಕೆಲಸವೆಂದರೆ ಮೇಲಿನಿಂದ ಬಂದ ಮಾದರಿಗಳನ್ನು ಗೋಡೆಗಿಳಿಸುವುದು: ತಲೆಬುರುಡೆ, ರಕ್ತದ ಹನಿ, ಕೆಂಪು ಅಕ್ಷರಗಳ ಎಚ್ಚರಿಕೆ. ಐದು ವರ್ಷ ಅವರು ಬುರುಡೆಗಳನ್ನೇ ಬರೆದರು. ಒಂದು ದಿನ ವಾರ್ಡಿನ ಹಿರಿಯ ನರ್ಸಮ್ಮ ಏಣಿಯ ಕೆಳಗೆ ನಿಂತು, “ಬುರುಡೆ ನೋಡಿ ಯಾರಾದ್ರೂ ಆಸ್ಪತ್ರೆಗೆ ಬರ್ತಾರೇನಮ್ಮ? ಇದ್ದ ದಾರೀನೂ ಬಿಟ್ಟು ಓಡ್ತಾರೆ. ಮಾತ್ರೆ ನುಂಗಿ ವಾಸಿ ಆಗ್ತಿರೋರನ್ನ ಬರಿ,” ಎಂದರು. ಆ ಮಾತು ಅವರ ಮನಸ್ಸಿಗೆ ನಾಟಿತು.

ಗಿರಣಿ ಓಣಿಯಲ್ಲಿ ಒಬ್ಬ ಹೆಂಗಸು ಬಾಡಿಗೆಯ ಒಂದೇ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು; ಇವರೇ ಆ ಟೈಲರಮ್ಮ. ಮೂರು ತಿಂಗಳು ತಪ್ಪದೆ ಮಾತ್ರೆ ತೆಗೆದುಕೊಂಡದ್ದರಿಂದ ಕೆಮ್ಮು ನಿಂತಿತ್ತು, ಮೈ ತುಂಬುತ್ತಿತ್ತು. ಆದರೆ ಅವರಿಗಿದ್ದ ಕಾಯಿಲೆ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿಮ್ಮ ಚಿತ್ರ ಬರೆಯಲೇ ಎಂದು ಕಲಾವಿದೆ ಕೇಳಿದಾಗ ಟೈಲರಮ್ಮ ಬಾಗಿಲು ಮುಂದೆ ಮಾಡಿ ಬಂದು, “ಬರೀರಿ ಮೇಡಂ. ನಾಲ್ಕು ಜನಕ್ಕೆ ಒಳ್ಳೇದಾದ್ರೆ ಆಗ್ಲಿ. ನಾನು ಅಂತ ಮಾತ್ರ ಗೊತ್ತಾಗ್ಬಾರ್ದು,” ಎಂದರು. ಕಲಾವಿದೆ ಮಾತು ಕೊಟ್ಟರು. ಮುಖ ಬದಲಿಸಿದರು, ಕೂದಲು ಬದಲಿಸಿದರು, ಬಟ್ಟೆಯ ಬಣ್ಣ ಬದಲಿಸಿದರು. ಮೆಷಿನ್ನಿನ ಮೇಲೆ ಎಡಕ್ಕೆ ಬಾಗಿದ ಕುತ್ತಿಗೆಯನ್ನೂ ಹಲ್ಲಿನ ನಡುವೆ ಹಿಡಿದ ದಾರವನ್ನೂ ಬದಲಿಸಲಿಲ್ಲ. ಅವು ಅಷ್ಟು ಚೆನ್ನಾಗಿ ಬಂದಿದ್ದವು, ಬದಲಿಸಲು ಮನಸ್ಸಾಗಲಿಲ್ಲ.

ಚಿತ್ರ ಓಣಿಯ ತುದಿಯ ಗೋಡೆಗಿಳಿಯಿತು. ಅದುವರೆಗೆ ಗೋಡೆಯತ್ತ ತಿರುಗಿಯೂ ನೋಡದಿದ್ದ ಓಣಿ ಆ ಚಿತ್ರದ ಮುಂದೆ ಗುಂಪುಗಟ್ಟಿತು. ಎರಡನೆಯ ದಿನವೇ ಯಾರೋ, “ಇದು ನಮ್ಮ ಟೈಲರಮ್ಮ ಅಲ್ವಾ? ದಾರ ಕಚ್ಚೋದು ನೋಡು,” ಎಂದರು. ವಾರ ಕಳೆಯುವಷ್ಟರಲ್ಲಿ ಜನ ಹೊಲಿಯಲು ಕೊಟ್ಟಿದ್ದ ಬಟ್ಟೆಗಳನ್ನು ಅರ್ಧಕ್ಕೇ ವಾಪಸು ಒಯ್ದರು. ಮನೆಯೊಡೆಯ ಬಾಗಿಲಾಚೆಯೇ ನಿಂತು ಕೋಣೆ ಖಾಲಿ ಮಾಡಲು ಹೇಳಿದ. ಟೈಲರಮ್ಮ ಮೆಷಿನ್ನನ್ನೂ ಬಿಟ್ಟು, ಎಲ್ಲಿಗೆಂದು ಯಾರಿಗೂ ತಿಳಿಸದೆ ಹೊರಟುಹೋದರು. ಅಲ್ಲಿಗೆ ಮಾತ್ರೆಯೂ ನಿಂತಿತು. ಅದೇ ತಿಂಗಳು ಆ ಚಿತ್ರಕ್ಕೆ ಇಲಾಖೆಯ ಪ್ರಶಂಸಾಪತ್ರ ಬಂತು.

ಕಲಾವಿದೆ ಊರಿನ ಮೂಲೆಮೂಲೆ ಹುಡುಕಿದರು. ಐದು ತಿಂಗಳ ಮೇಲೆ ಟೈಲರಮ್ಮನನ್ನು ಅವರ ಅಕ್ಕ ತಂದು ವಾರ್ಡಿಗೆ ಸೇರಿಸಿದಾಗ, ನಡುವೆ ಬಿಟ್ಟ ಮಾತ್ರೆಗಳಿಗೆ ರೋಗ ಬಗ್ಗದಾಗಿತ್ತು. ಹತ್ತೊಂಬತ್ತು ದಿನ ಕಲಾವಿದೆ ಆ ಮಂಚದ ಬಳಿ ಕುಳಿತರು. ಕ್ಷಮೆ ಕೇಳಿದಾಗ ಟೈಲರಮ್ಮ ಸಿಟ್ಟಾಗಲಿಲ್ಲ. “ನಿಮ್ಮ ಕೈ ತುಂಬಾ ಚೆನ್ನಾಗಿದೆ ಮೇಡಂ. ಅದರಿಂದಾನೇ ಹೀಗಾಯ್ತು,” ಎಂದಷ್ಟೇ ಹೇಳಿದರು. ಇಪ್ಪತ್ತನೆಯ ದಿನ ಮಂಚ ಖಾಲಿಯಾಯಿತು.

ಮರುದಿನ ಕಲಾವಿದೆಯೇ ಸುಣ್ಣದ ಬಕೆಟ್ ಹೊತ್ತು ಹೋಗಿ ಆ ಗೋಡೆಯನ್ನು ಬಿಳಿದು ಮಾಡಿದರು. ಮೆಷಿನ್ ಒಯ್ಯಲು ಬಂದಿದ್ದ ಅಕ್ಕ ನೋಡುತ್ತ ನಿಂತು, “ಈಗ ಅಳಿಸಿ ಏನು ಬಂತು? ನೋಡೋರೆಲ್ಲ ನೋಡಿ ಆಯ್ತಲ್ಲ,” ಎಂದರು. ಆ ವರ್ಷವೆಲ್ಲ ಕಲಾವಿದೆ ಕುಂಚ ಮುಟ್ಟಲಿಲ್ಲ. ಔಷಧದ ಕಿಟಕಿಯಲ್ಲಿ ಕುಳಿತು ಚೀಟಿ ಬರೆದರು, ಮಾತ್ರೆಗೆ ಬಾರದವರ ಮನೆಗೆ ನಡೆದೇ ಹೋಗಿ ಮಾತ್ರೆ ಕೊಟ್ಟು ಬಂದರು.

ಮತ್ತೆ ಕುಂಚ ಹಿಡಿದ ಮೇಲೆ ಅವರು ರೋಗಿಯನ್ನು ಬರೆಯಲೇ ಇಲ್ಲ. ರೋಗಿಯ ಸುತ್ತಲಿನವರನ್ನು ಬರೆದರು: ಬಾಗಿಲು ತಟ್ಟಿ ಬಟ್ಟೆ ಹೊಲಿಯಲು ಕೊಡುವ ನೆರೆಯವಳನ್ನು, ಬೀಗದ ಕೈ ಕಿತ್ತುಕೊಳ್ಳದ ಮನೆಯೊಡೆಯನನ್ನು, ತಮ್ಮನ ಜೊತೆ ಆಸ್ಪತ್ರೆಗೆ ಬರುವ ಅಣ್ಣನನ್ನು. ಯಾವ ಚಿತ್ರವನ್ನೂ ಮೊದಲು ವಾರ್ಡಿನ ರೋಗಿಗಳಿಗೆ ತೋರಿಸದೆ ಗೋಡೆಗಿಳಿಸಲಿಲ್ಲ. ಅವರು ಬೇಡವೆಂದದ್ದನ್ನು ಹರಿದು ಹಾಕಿದರು. ಕಿರಿಯ ಸಹೋದ್ಯೋಗಿಗಳ ಕೈ ಹಿಡಿದು ಗೆರೆ ತಿದ್ದಿದರು, ಚಿತ್ರ ಚೆನ್ನಾಗಿದೆ ಎಂದು ಯಾರಾದರೂ ಹೊಗಳಿದರೆ, “ಚೆನ್ನಾಗಿರೋದು ಆಮೇಲೆ. ಯಾರಿಗೂ ತೊಂದರೆ ಇಲ್ಲ ತಾನೆ?” ಎಂದು ಕೇಳಿದರು. ಒಬ್ಬ ಮನೆಯೊಡೆಯ ಕೆಮ್ಮುತ್ತಿದ್ದ ಬಾಡಿಗೆಯವನನ್ನು ತಾನೇ ಆಸ್ಪತ್ರೆಗೆ ಕರೆತಂದು, “ಗೋಡೆ ಮೇಲಿರೋನು ನನ್ನ ಹಾಗೇ ಇದಾನೆ ಅಂತ ಹೆಂಡತಿ ನಗ್ತಾಳೆ. ಅದಕ್ಕೇ ಬಂದೆ,” ಎಂದದ್ದುಂಟು. ಆ ಬಾಡಿಗೆಯವ ಬದುಕಿದ. ಹಾಗೆ ಬದುಕದೆ ಹೋದವರ ಸಂಖ್ಯೆಯೂ ಕಡಿಮೆಯದಲ್ಲ. ಅದನ್ನು ಮರೆಮಾಚಿದರೆ ಅವರು ಒಪ್ಪುವುದಿಲ್ಲ.

ಕಳೆದ ವಾರ ಅವರು ಕೊನೆಯ ಕರಡನ್ನು ಹಿಡಿದು ವಾರ್ಡಿಗೆ ಹೋದರು. ತೆರೆದ ಕಿಟಕಿ, ಒಳಗೆ ಬೀಳುವ ಬಿಸಿಲು. ಬಾಗಿಲ ಬಳಿಯ ಮಂಚದಲ್ಲಿದ್ದ ಗಿರಣಿಯ ಹೆಂಗಸು ಅದನ್ನು ನೋಡಿ, “ಚೆನ್ನಾಗಿದೆ ಮೇಡಂ. ನಮ್ಮ ಕೋಣೇಲಿ ಕಿಟಕೀನೇ ಇಲ್ವಲ್ಲ,” ಎಂದರು. ಕಲಾವಿದೆ ಕರಡನ್ನು ಮಡಿಚಿಟ್ಟು, ಆ ಹೆಂಗಸಿನ ಮನೆಯೊಡೆಯನ ವಿಳಾಸ ಬರೆದುಕೊಂಡು ಹೊರಟರು. ಇಂದು ಸಂಜೆಯ ಸಮಾರಂಭಕ್ಕೆ ತಡವಾಗಿ ಬರುತ್ತೇನೆಂದು ತಿಳಿಸಿದ್ದಾರೆ; ಮನೆಯೊಡೆಯ ಒಪ್ಪಿದ್ದಾನೆ, ಕಿಟಕಿಗೆಂದು ಆ ಕೋಣೆಯ ಗೋಡೆ ಒಡೆಯಲು ಗಾರೆಯವ ಇವತ್ತೇ ಬರುತ್ತಾನಂತೆ. ಅವರ ಕಣ್ಣು, ಕೈ, ಉಸಿರು ಮೂರೂ ಬಹುಕಾಲ ಗಟ್ಟಿಯಾಗಿರಲೆಂದು ಹಾರೈಸುತ್ತ, ಹಾರ ಹಿಡಿದು ಕಾಯುತ್ತೇವೆ.